ನಾವು ನೋಡೋಕಿಂತ ಮೊದಲ ಕತಿ ಹೇಳಬ್ಯಾಡ್ರೆವ್ವಾ

ಇವತ್ತ ಸ್ವಲ್ಪ ಖಾರ ಮಾತಾಡೋದದ, ಮೊದಲೇ ಹೇಳಿಬಿಡ್ತೀನಿ. ಯಾವಾಗಲೂ ಮೆಂತ್ಯದ ಹಿಟ್ಟು, ಕೆಂಪ ಚಟ್ನಿ, ದೀಪಾವಳಿ ಫರಾಳ ಅಂತ ಬರಿಯಾಕಿ ಇವತ್ಯಾಕ ಸೆರಗ ಸಿಗಿಸಿ ಜಗಳಕ್ಕ ನಿಂತಾಳ ಅನ್ಕೋಬ್ಯಾಡ್ರಿ. ಇದೂ ಮನಿ ಮಾತೇ. ದಿನಾ ಸಂಜಿಕೆ ನಮ್ಮ ನಿಮ್ಮೆಲ್ಲಾರ ಮನ್ಯಾಗ ಆಗೋ ಮಾತು.

ವಿಷಯ ಏನಂದ್ರ, ಇನ್ನೊಬ್ಬರು ನೋಡೋಕಿಂತ ಮೊದಲ ಸೀರಿಯಲ್ ಕತಿ, ಸಿನಿಮಾ ಕತಿ ಒದರಿಬಿಡೋ ಚಟ. ಹುಡುಗುರು ಇದಕ್ಕ ಸ್ಪಾಯ್ಲರ್ ಅಂತಾರ. ತಮ್ಮ ಇಂಗ್ಲೀಷ್ ವೆಬ್ ಸೀರೀಸ್ ನೋಡೋರಿಗೆ ಅಷ್ಟೇ ಇರೋ ಕಷ್ಟ ಇದು ಅಂತ ಅವರು ತಿಳ್ಕೊಂಡಾರ. ಅಲ್ರಿ, ನಮ್ಮ ಕನ್ನಡದಾಗ ಇದಕ್ಕ ಹಳೇ ಮಾತೊಂದು ಅದ, ರಸಭಂಗ. ಛಲೋ ಹಾಡು ಕೇಳೋವಾಗ ನಡುವ ಯಾರರೆ ಫೋನಿನಾಗ ಜೋರಾಗಿ ಮಾತಾಡಿದ್ರ ರಸಭಂಗ. ಊಟಕ್ಕ ಕೂತಾಗ ಹೊಲಸ ಮಾತ ತಗದ್ರ ರಸಭಂಗ. ಹಂಗ, ಕತಿ ಒಂದು ತಿರುವಿಗೆ ಬಂದು ನಿಂತಾಗ "ಅಯ್ಯ, ಅಂವ ಸಾಯಂಗಿಲ್ಲ ಬಿಡ್ರಿ, ನಾಳೆ ಎದ್ದು ಬರ್ತಾನ" ಅಂದ್ರ ಅದೂ ರಸಭಂಗನೇ. ಇನ್ನೊಬ್ಬರು ಉಣ್ಣೋ ಮೊದಲ ಅವರ ತಾಟಿಗೆ ಕೈ ಹಾಕಬಾರದು ಅನ್ನೋದು ಹೆಂಗ ಮನಿ ರೀತಿನೋ, ಇದೂ ಹಂಗ ಮನಿ ರೀತಿ. ಮೊಬೈಲ್ ಬಂದಮ್ಯಾಲೆ ಅದನ್ನ ಮರತು ಕೂತೀವಿ. ಮರತದ್ದರ ಪೆಟ್ಟು ಬೀಳೋದು ಮನ್ಯಾಗ ಎಲ್ಲಾರಕಿಂತ ಕಡಿಮಿ ಪುರಸೊತ್ತು ಇರೋರಿಗೆ. ನನ್ನ ಸಿಟ್ಟು ಅದಕ್ಕ.

ಈ ಚಟ ಎಲ್ಲಿಂದ ಬಂತು ಅಂತ ಸ್ವಲ್ಪ ವಿಚಾರ ಮಾಡ್ರಿ. 1987ರಾಗ ರಮಾನಂದ ಸಾಗರರ ರಾಮಾಯಣ ದೂರದರ್ಶನದಾಗ ಶುರು ಆದಾಗ ನಾನು ಪಿಯುಸಿ ಓದೋ ಹುಡುಗಿ. ರವಿವಾರ ಮುಂಜಾನೆ ಓಣಿಗೆ ಓಣಿನೇ ಖಾಲಿ. ನಾಕ ಮನಿಗೆ ಸೇರಿ ಒಂದು ಟಿವಿ, ಅದರ ಮುಂದ ಚಾಪಿ ಹಾಸಿ ಎಲ್ಲಾರೂ ಅಲ್ಲೇ. ಒಂದೇ ಹೊತ್ತಿಗೆ ನೋಡ್ತಿದ್ದಿವಿ, ಒಂದೇ ಹೊತ್ತಿಗೆ ಕಣ್ಣ ಒರಸ್ಕೋತಿದ್ದಿವಿ, ಮುಗದಮ್ಯಾಲೆ ಕಟ್ಟಿ ಮ್ಯಾಲೆ ಕೂತು ಅದನ್ನೇ ಮಾತಾಡ್ತಿದ್ದಿವಿ. ಊರಿಗೆ ಹೋಗಿಯೋ, ಕರೆಂಟ್ ಹೋಗಿಯೋ ಒಂದು ವಾರ ತಪ್ಪಿತು ಅಂದ್ರ ತಪ್ಪಿತು, ಮತ್ತ ತೋರಸೋರು ಯಾರು? ಅವಾಗ ಬಾಜೂ ಮನಿ ಕಾಕು ಬಂದು ಅಡಗಿ ಮನಿ ಬಾಗಲದಾಗ ನಿಂತು "ಹಿಂಗಾತು ನೋಡವಾ" ಅಂತ ಕತಿ ಹೇಳಿದ್ರ ಅದು ದೊಡ್ಡ ಉಪಕಾರ. ನಾವು ಹಿಟ್ಟು ನಾದೋದು ಬಿಟ್ಟು ಕಿವಿ ಅಗಲ ಮಾಡಿ ಕೇಳ್ತಿದ್ದಿವಿ.

ಈಗ ಹಂಗಿಲ್ಲ. ರಾತ್ರಿ ಎಂಟೂವರೆಗೆ ಟಿವಿಯೊಳಗ ಬಂದದ್ದು ಮರುದಿನ ಮಧ್ಯಾಹ್ನ ಮತ್ತ ಬರತದ. ಮೊಬೈಲ್ ಆ್ಯಪಿನಾಗ ಬೇಕಾದಾಗ ನೋಡಬಹುದು, ರೊಕ್ಕಾ ಕಟ್ಟಿದ್ರ ಟಿವಿಕಿಂತ ಮೊದಲೇ ತೋರಸೋ ಆ್ಯಪೂ ಅವ. ಒಂದೇ ಮನ್ಯಾಗ ನಾಕ ಮಂದಿ ನಾಕ ಹೊತ್ತಿಗೆ ನೋಡ್ತಾರ. ನಮ್ಮ ಮೈದುನನ ಸೊಸಿ ನ್ಯೂ ಜೆರ್ಸಿಯೊಳಗ ಇದ್ದಾಳ. ನಮಗ ರಾತ್ರಿ ಎಂಟೂವರೆ ಆದಾಗ ಅಕಿಗೆ ಚಳಿಗಾಲದಾಗ ಮುಂಜಾನೆ 10 ಗಂಟೆ, ಬ್ಯಾಸಿಗ್ಯಾಗ 11. ಅಕಿ ಆಫೀಸಿನಾಗ ಇರ್ತಾಳ. ಕೆಲಸ ಮುಗಿಸಿ, ಕೂಸಿಗೆ ಉಣಿಸಿ ಮಲಗಿಸಿ, ತಾನು ಕಾಲ ಚಾಚಿ ಕೂಡೋ ಹೊತ್ತಿಗೆ ನಮಗ ಮರುದಿನ ನಸುಕು ಹರದು ಚಹಾ ಕುದೀತಿರತದ. ಅಷ್ಟರಾಗ ನಮ್ಮ ವಾಟ್ಸಾಪ್ ಗ್ರೂಪಿನಾಗ ಅಕಿ ನೋಡಬೇಕಾದ ಕತಿದು ಹೆಣಾ ಎತ್ತಿ, ಹನ್ನೊಂದನೇ ದಿನದ ಊಟಾನೂ ಮುಗದಿರತದ.

ಅಂದ್ರ ಏನಾತು? ಕತಿ ಹೇಳೋದು ಉಪಕಾರ ಆಗಿದ್ದ ಕಾಲ ಮುಗೀತು, ಹೇಳೋ ಚಟ ಮಾತ್ರ ಉಳೀತು. ಈಗ ತಪ್ಪಿದ್ದನ್ನ ಯಾರು ಬೇಕಾದ್ರೂ ತಾವೇ ನೋಡಬಹುದು. ನೀವು ಹೇಳಿದ್ರಿ ಅಂದ್ರ ಅವರಿಗೆ ಏನೂ ಕೊಟ್ಟಂಗ ಆಗಲಿಲ್ಲ, ಅವರದ್ದು ಕಸಗೊಂಡಂಗ ಆತು.

ನಮ್ಮ ಕಡೆ ಪಂಕ್ತಿ ಊಟದ ರೀತಿ ನಿಮಗ ಗೊತ್ತದ. ಎಲ್ಲಾರ ಎಲಿಗೂ ಬಡಸಿ ಆಗೋತನಕ ಯಾರೂ ಕೈ ಹಾಕಂಗಿಲ್ಲ, ಬಾಜೂದವರದ್ದು ಮುಗಿಯೋತನಕ ಯಾರೂ ಏಳಂಗಿಲ್ಲ. ಹಲ್ಲಿಲ್ಲದ ಅಜ್ಜ ಒಬ್ಬಾತ ಹೋಳಗಿ ಮೆಲ್ಲಕ ತಿನ್ಲಿಕತ್ತಿದ್ರ ಪಂಕ್ತಿಗೆ ಪಂಕ್ತಿನೇ ಮಜ್ಜಿಗಿ ಕುಡೀತಾ ಕಾಯತದ. ಯಾರೂ ಇದನ್ನ ಕಾಯ್ದಿ ಮಾಡಿಲ್ಲ, ಬರದೂ ಇಟ್ಟಿಲ್ಲ. ಕೂಡಿ ಉಣ್ಣೋದು ಅಂದಮ್ಯಾಲೆ ಹಿಂದಿದ್ದವರಿಗೆ ಕಾಯಬೇಕು, ಅಷ್ಟೇ. ಕೂಡಿ ಒಂದು ಕತಿ ನೋಡೋದೂ ಒಂದು ಪಂಕ್ತಿ. ನಿಮಗ ಮೊದಲ ಬಡಸ್ಯಾರ, ಉಣ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಇನ್ನೂ ಪಾಯಸಾ ಬರಲಾರದವರ ಮುಂದ "ಪಾಯಸಾ ಸೀದದ, ಏನೂ ಛಲೋ ಇಲ್ಲ" ಅಂತ ಒದರಬ್ಯಾಡ್ರಿ.

ಈಗ ನಮ್ಮ ಅತ್ತಿಯವರ ಮಾತ ಹೇಳ್ತೀನಿ. ಅವರಿಗೆ 84 ವರ್ಷ. ಸೊಂಟದ ಎಲುಬು ಮುರದು ಎರಡ ವರ್ಷದಿಂದ ಹಾಸಿಗಿ ಮ್ಯಾಲೆ. ರಾತ್ರಿ ಏಳಕ್ಕ ಊಟಾ, ಗುಳಿಗಿ, ಎಂಟಕ್ಕ ನಿದ್ದಿ. ಅದಕ್ಕ ಅವರು ನೋಡೋದು ಮರುದಿನ ಮಧ್ಯಾಹ್ನದ್ದು. ಮುಂಜಾನೆ ಜಳಕಾ ಮಾಡಸೋವಾಗ "ಇವತ್ತ ಆ ಹುಡುಗಿಗೆ ಅವರ ಅಪ್ಪ ಯಾರು ಅಂತ ಗೊತ್ತಾಗತದೋ ಇಲ್ಲೋ" ಅಂತ ಶುರು ಮಾಡಿದ್ರ ಮಧ್ಯಾಹ್ನದತನಕ ಅದೇ ವಿಚಾರ. ತಾವೇ ನಾಕ ನಮೂನಿ ಕತಿ ಕಟ್ತಾರ, ಹಿಂಗಾದ್ರ ಹಿಂಗ, ಹಂಗಾದ್ರ ಹಂಗ ಅಂತ. ಯಾವ ಸೀರಿಯಲ್ ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ. ನಿಮ್ಮೊಳಗೂ ಇನ್ನೂ ಅಲ್ಲಿತನಕ ನೋಡಲಾರದವರು ಇರ್ತೀರಿ.

ಒಂದಿನ ಮುಂಜಾನೆ ಹತ್ತರ ಸುಮಾರಿಗೆ ನಮ್ಮ ಪೈಕಿಯವರೊಬ್ಬರು ಅವರನ್ನ ನೋಡಲಿಕ್ಕೆ ಅಂತ ಬಂದ್ರು. ಬಾಳೆಹಣ್ಣು ತಂದಿದ್ರು, ಮನಸು ಛಲೋನೇ. ಕುರ್ಚಿ ಮ್ಯಾಲೆ ಕೂತು ಬಾಯಿ ತಗದದ್ದೇ "ಅತ್ಯಾ, ನಿನ್ನೆ ನೋಡಿದ್ರೇನು, ಕಡೀಕೂ ಅವರ ಅಪ್ಪ ಯಾರಂತ ಗೊತ್ತಾತು" ಅಂತ ಹೆಸರೂ ಹೇಳಿಬಿಟ್ರು. ನಾನು ಚಹಾದ ಕಪ್ಪು ಹಿಡಕೊಂಡು ಬಾಗಲದಾಗೇ ನಿಂತೆ. ಅತ್ತಿಯವರು ಅವರ ಮುಂದ ನಕ್ರು, "ಹೌದೇನವಾ" ಅಂದ್ರು. ಅವರು ಹೋದಮ್ಯಾಲೆ ಮಧ್ಯಾಹ್ನ ನಾನು ಟಿವಿ ಹಚ್ಚಲಿಕ್ಕೆ ಹೋದ್ರ "ಇರಲಿ ಬಿಡು, ಇವತ್ತ ಬ್ಯಾಡ" ಅಂದ್ರು. ಗ್ವಾಡಿ ಕಡೆ ಹೊಳ್ಳಿ ಮಲಗಿ, ಸ್ವಲ್ಪ ಹೊತ್ತಿನ ಮ್ಯಾಲೆ ತಮ್ಮಷ್ಟಕ್ಕ ತಾವೇ "ನಿನ್ನಿಂದ ಕಾಯ್ಕೋತ ಇದ್ದೆ" ಅಂದ್ರು.

ಆ ಮಾತ ನನಗ ಚುಚ್ಚೇದ ನೋಡ್ರಿ. ಹಾಸಿಗಿ ಮ್ಯಾಲಿದ್ದವರಿಗೆ ಕಾಯಲಿಕ್ಕೆ ಏನು ಉಳದಿರತದ? ಡಾಕ್ಟರು, ಗುಳಿಗಿ, ಅಮಾಸಿ, ಹುಣ್ಣಿವಿ. ಇದರ ನಡುವ "ನಾಳೆ ಏನಾಗತದೋ" ಅನ್ನೋ ಒಂದು ಆಸಿ ಇಪ್ಪತ್ತೆರಡ ನಿಮಿಷದ ಸೀರಿಯಲ್ ಕೊಡತದ. ಅದನ್ನ ಒಂದು ವಾಕ್ಯದಾಗ ತಗೊಂಡು ಹೋದಾಕಿಗೆ ತಾನು ಏನು ತಗೊಂಡೆ ಅನ್ನೋದೇ ಗೊತ್ತಿಲ್ಲ. "ಬರೇ ಒಂದು ಸೀರಿಯಲ್ ಅಲ್ಲೇನ್ರಿ" ಅನ್ನೋರಿಗೆ ನಾನು ಹೇಳೋದಿಷ್ಟು. ಬರೇ ಸೀರಿಯಲ್ ಇರಬಹುದು, ಕಾಯೋದು ಬರೇ ಅಲ್ಲ.

ಈಗ ಗಂಡಸರ ಕಡೆ ಬರೋಣು. 2021ರ ಜನವರಿ 19ಕ್ಕ ನಮ್ಮವರು ಬ್ರಿಸ್ಬೇನ್ ಟೆಸ್ಟ್ ಗೆದ್ರಲ್ಲ, ಅವತ್ತ ನಮ್ಮ ಮನೆಯವರು ಆಫೀಸಿಂದ ಫೋನ್ ಮಾಡಿದ್ರು. "ನಾ ಕಡೀ ಆಟ ನೋಡಿಲ್ಲ, ಸಂಜಿಕೆ ಹೈಲೈಟ್ಸ್ ನೋಡ್ತೀನಿ, ಮನ್ಯಾಗ ಯಾರೂ ತುಟಿ ಬಿಚ್ಚಬಾರದು." ಮನಿ ಮಂದಿಗೆಲ್ಲಾ ಮೌನವ್ರತ. ಮಗಾ ಮುಸಿ ಮುಸಿ ನಕ್ಕಿದ್ದಕ್ಕ ಬೈಸ್ಕೊಂಡ. ಪೇಪರ್, ಫೋನ್, ಬಾಜೂ ಮನಿ ಕಾಕಾ, ಎಲ್ಲಾದಕ್ಕೂ ಕಾವಲು. ಅದೇ ಮನುಷ್ಯಾ ಮುಂದಿನ ವಾರ ನಾನು ಒಲಿ ಮುಂದ ರೊಟ್ಟಿ ಬಡಿಯೋವಾಗ ಹಾಲಿನಾಗಿಂದ ಒದರಿದ್ರು, "ಏ, ನಿನ್ನ ಸೀರಿಯಲ್‌ನಾಗ ಅಕಿ ಜೀವಂತ ಇದ್ದಾಳಂತಲ್ಲಾ!" ನಾನು ಕೇಳಿದೆ, "ನಿಮ್ಮ ರಿಷಭ್ ಪಂತ್‌ಗೆ ಒಂದು ನ್ಯಾಯ, ನನ್ನ ನಾಯಕಿಗೆ ಒಂದು ನ್ಯಾಯಾನೋ?" ಅವರು ನಕ್ಕು "ಅದು ಮ್ಯಾಚ್, ಇದು ಸೀರಿಯಲ್" ಅಂದ್ರು.

ನನ್ನ ಜಗಳದ ಬೇರು ಇರೋದು ಇಲ್ಲೇ. ಗಂಡಸರು ಕಾಯೋದಕ್ಕ ಬೆಲಿ ಅದ, ಹೆಂಗಸರು ಕಾಯೋದಕ್ಕ ಇಲ್ಲ. ಹುಡುಗುರ ವೆಬ್ ಸೀರೀಸ್ ಬಗ್ಗೆ ಬಾಯಿ ಬಿಟ್ರ "ಅಮ್ಮಾ ಸ್ಪಾಯ್ಲರ್!" ಅಂತ ಕಿವಿ ಮುಚ್ಕೋತಾರ. ನಮ್ಮದು ಮಾತ್ರ ದಾರಿ ಮ್ಯಾಲಿನ ಹುಣಸಿ ಮರ, ಹಾದು ಹೋಗೋರೆಲ್ಲಾ ಕಲ್ಲ ಒಗೀಬಹುದು. ಇಡೀ ದಿನದಾಗ ಅರ್ಧಾ ತಾಸು ನಮ್ಮದು ಅಂತ ಇಟ್ಕೊಂಡಿರ್ತೀವಿ. ಅದರಾಗೂ ಒಂದು ಕಣ್ಣು ಕುಕ್ಕರಿನ ಮ್ಯಾಲೆ, ಒಂದು ಕಿವಿ ಬಾಗಲದ ಗಂಟಿ ಮ್ಯಾಲೆ. ಹಬ್ಬ ಬಂತು, ಬೀಗರು ಬಂದ್ರು ಅಂದ್ರ ಮೊದಲು ಬಿಡೋದು ಅದನ್ನೇ. ಅದಕ್ಕ ಹಿಂದ ಉಳಿಯೋರೂ ನಾವೇ, ಕತಿ ಒಡಿಸ್ಕೊಳ್ಳೋರೂ ನಾವೇ. ರಾತ್ರಿ ಪಾಳಿ ನರ್ಸಮ್ಮಗ, ಸಂಜಿ ಪಾಳಿ ಕಂಡಕ್ಟರ್ ಅಕ್ಕಗ, ಹತ್ತು ಮನಿ ಭಾಂಡಿ ತಿಕ್ಕಿ ಮನಿಗೆ ಬಂದು ಮೊಬೈಲಿನಾಗ ನೋಡಾಕಿಗೂ ಇದೇ ಪಾಡು. ಪುರಸೊತ್ತು ಇದ್ದವರು ಮೊದಲ ನೋಡ್ತಾರ, ಪುರಸೊತ್ತು ಇಲ್ಲದವರಿಗೆ ಹೇಳಿ ಕೆಡಸ್ತಾರ.

ಇನ್ನ ಇದಕ್ಕ ಅಡ್ಡ ಮಾತಾಡೋರು ಏನೇನಂತಾರ, ಒಂದೊಂದೇ ತಗೋತೀನಿ.

"ಸೀರಿಯಲ್‌ನಾಗ ಏನದ್ರಿ ಗುಟ್ಟು, ಮೂರ ತಿಂಗಳ ಬಿಟ್ಟು ನೋಡಿದ್ರೂ ಅತ್ತಿ ಅಲ್ಲೇ ನಿಂತು ಕಣ್ಣ ಬಿಡ್ತಿರ್ತಾಳ." ಖರೇ ಇರಬಹುದು, ನಾನೂ ನಗ್ತೀನಿ. ಆದ್ರ ಹಂಗಾದ್ರ ನಿಮಗ್ಯಾಕಷ್ಟು ಅವಸರ? ಹೇಳಲಿಕ್ಕೆ ಏನೂ ಇಲ್ಲದ್ದನ್ನ ರಾತ್ರಿ 9 ಗಂಟೆಕ್ಕೇ ಮೂರ ಗ್ರೂಪಿಗೆ ಯಾಕ ಹಾಕ್ತೀರಿ? ಅದರಾಗ ಗುಟ್ಟದ, ಮೊದಲ ಹೇಳಿದೆ ಅನ್ನೋ ಸುಖಾನೂ ಅದ. ಆ ಸುಖಾ ನಿಮಗ, ನಷ್ಟಾ ನಮಗ.

"ರಾಮಾಯಣ ಎಲ್ಲಾರಿಗೂ ಗೊತ್ತದ, ಆದ್ರೂ ನೋಡಲಿಲ್ಲೇನು? 2020ರಾಗ ಲಾಕ್‌ಡೌನ್ ಆದಾಗ ಅದನ್ನೇ ಮತ್ತ ಹಾಕಿದ್ರ ಊರೇ ಕೂತು ನೋಡ್ತು." ಈ ಮಾತಿನಾಗ ತೂಕ ಅದ, ಒಪ್ತೀನಿ. ನಮ್ಮ ಕಡೆ ಸಂಗ್ಯಾ ಬಾಳ್ಯಾ ಆಡೋವಾಗ ಸಂಗ್ಯಾನ ಗತಿ ಏನಾಗತದ ಅಂತ ಗೊತ್ತಿಲ್ಲದವರು ಯಾರಿದ್ರು? ಕೌಜಲಗಿ ನಿಂಗಮ್ಮನ ಪಾರಿಜಾತಕ್ಕ ಮಂದಿ ಗಾಡಿ ಕಟ್ಕೊಂಡು ಹೋಗಿ ರಾತ್ರಿಯೆಲ್ಲಾ ಕೂಡ್ತಿದ್ರು. ಕೃಷ್ಣ ಹೂವು ರುಕ್ಮಿಣಿಗೆ ಕೊಡ್ತಾನ, ಸತ್ಯಭಾಮೆ ಸಿಟ್ಟಾಗ್ತಾಳ ಅನ್ನೋದು ಕೂಸಿಗೂ ಗೊತ್ತು. ಅವರು ಹೋಗ್ತಿದ್ದದ್ದು ಕತಿ ತಿಳಕೊಳ್ಳಲಿಕ್ಕಲ್ಲ, ಆ ಹಾಡಿಗೆ, ಆ ಬಿಂಕಕ್ಕ. ಗೊತ್ತಿದ್ದದ್ದನ್ನ ಮತ್ತ ನೋಡೋದು ಒಂದು ಸುಖಾ, ಗೊತ್ತಿಲ್ಲದ್ದನ್ನ ಕಾಯ್ಕೋತ ನೋಡೋದು ಇನ್ನೊಂದು ಸುಖಾ. ಮೊದಲನೇದು ಎಷ್ಟು ಸಲ ಬೇಕಾದ್ರೂ ಸಿಗತದ, ಎರಡನೇದು ಜನ್ಮಕ್ಕ ಒಂದೇ ಸಲ. ಅದನ್ನ ಕೆಡಿಸಿ "ಮೊದಲನೇದು ಅದಲ್ಲಾ" ಅಂದ್ರ, ಹೋಳಗಿ ಕಸಗೊಂಡು ಕಟ್ಟಿನ ಸಾರು ತೋರಿಸಿಧಂಗ.

ಮತ್ತ ಆ ರಾಮಾಯಣಾನೂ ನಮಗ ಒಮ್ಮೆ ಹೊಸಾದೇ ಇತ್ತಲ್ರಿ. ನಮಗ ಹೇಳಿದಾಕಿ ನಮ್ಮ ಅಜ್ಜಿ. ರಾವಣ ಸೀತಾನ್ನ ಎತ್ತಿಕೊಂಡು ಹೋದಲ್ಲಿಗೆ ನಿಲ್ಲಿಸಿ "ಇನ್ನ ಮಲ್ಕೋರಿ, ಮುಂದಿಂದು ನಾಳೆ" ಅಂತಿದ್ಲು. ನಮ್ಮ ದೊಡ್ಡ ಅಣ್ಣಗ ಎಲ್ಲಾ ಗೊತ್ತಿರತಿತ್ತು. ಅಂವ ಬಾಯಿ ತಗದ್ರ ಅಜ್ಜಿ ತೊಡಿ ಚಿವುಟ್ತಿದ್ಲು, "ಸಣ್ಣವರು ಕೇಳ್ಲಿಕತ್ತಾರ, ನಿನಗ ಗೊತ್ತಿದ್ರ ನಿನ್ನ ಹೊಟ್ಯಾಗ ಇಟ್ಕೋ" ಅಂತ. ಸ್ಪಾಯ್ಲರ್ ಅನ್ನೋ ಶಬ್ದ ಕೇಳಲಾರದ ಅಜ್ಜಿ ಆಕಿ. ಮುಂದ ಸುಧಾ, ತರಂಗ ಮನಿಗೆ ಬರೋ ಕಾಲದಾಗ ಒಂದೇ ಪುಸ್ತಕ ಐದ ಮನಿ ತಿರಗತಿತ್ತು. ಧಾರಾವಾಹಿ ಕಾದಂಬರಿ ಮೊದಲ ಓದಿದಾಕಿ ಪುಸ್ತಕ ಕೊಡೋವಾಗ "ಈ ವಾರ ಭಾಳ ಛಲೋ ಬಂದದವಾ" ಅಂತ ಅಷ್ಟೇ ಅಂತಿದ್ಲು. ಐದನೇ ಮನಿ ಓದಿ ಮುಗಿಸಿದಮ್ಯಾಲೆ ನೀರಿನ ನಳದ ಮುಂದ ಕೊಡಾ ಇಟ್ಟು ಚರ್ಚಾ. ಐದ ಮನಿ ಕಾಯೋ ತಾಳ್ಮಿ ಅವಾಗಿತ್ತು.

ಇದು ಬರೇ ನಮ್ಮ ಮನಿ ಮಾತಲ್ಲ ಅನ್ನಲಿಕ್ಕೆ ಇನ್ನೊಂದು ಹೇಳ್ತೀನಿ. ಲಂಡನ್ನಿನಾಗ ಅಗಾಥಾ ಕ್ರಿಸ್ಟಿ ಬರದ 'ದಿ ಮೌಸ್‌ಟ್ರ್ಯಾಪ್' ಅಂತ ಒಂದು ಕೊಲಿ ನಾಟಕ 1952ರಿಂದ ನಡದದ, ಕೋವಿಡ್ ಬಂದಾಗ ಒಂದಿಷ್ಟ ತಿಂಗಳು ಬಂದ್ ಇದ್ದದ್ದು ಬಿಟ್ರ. ಆಟ ಮುಗದಮ್ಯಾಲೆ ನಟರೊಬ್ಬರು ಮುಂದ ಬಂದು, ಕೊಲಿಗಾರ ಯಾರಂತ ಹೊರಗ ಹೇಳಬ್ಯಾಡ್ರಿ ಅಂತ ಪ್ರೇಕ್ಷಕರಿಗೆ ಕೇಳ್ಕೋತಾರ. ಎಪ್ಪತ್ತ ವರ್ಷದ ಮ್ಯಾಲಾತು, ಲಕ್ಷಗಟ್ಟಲೆ ಮಂದಿ ನೋಡಿ ಹೋದ್ರು, ಆದ್ರೂ ಹೊಸದಾಗಿ ಟಿಕೆಟ್ ತಗೊಂಡು ಒಳಗ ಕೂಡೋರಿಗೆ ಆ ಗುಟ್ಟು ಗುಟ್ಟಾಗೇ ಉಳದಿರತದ. ಹೊಟ್ಯಾಗ ಇಟ್ಕೊಳ್ಳೋದು ಮನುಷ್ಯರಿಗೆ ಆಗದ ಕೆಲಸ ಏನಲ್ಲ.

"ಬ್ಯಾಡಾದ್ರ ಗ್ರೂಪ್ ಬಿಟ್ಟು ಹೋಗ್ರಿ." ಈ ಮಾತಿಗೆ ನನಗ ಭಾಳ ಸಿಟ್ಟು ಬರತದ. ಅದೇ ಗ್ರೂಪಿನಾಗ ಕಾಕಾನ ಆಪರೇಶನ್ ಸುದ್ದಿ ಬರತದ, ಶ್ರಾದ್ಧದ ತಿಥಿ ಬರತದ, ಅರಿಷಿಣ ಕುಂಕುಮದ ಕರಿಯೋಲೆ ಬರತದ. ನೀವು ಎಲಿ ಅಡಕಿ ಹಾಕ್ಕೊಂಡು ಉಗಳೋದಕ್ಕ ಕಟ್ಟಿ ಬಿಟ್ಟು ಹೋಗಬೇಕಾದವರು ನಾವ್ಯಾಕ?

"ಹಂಗಾದ್ರ ಜನ್ಮಪೂರ್ತಿ ಬಾಯಿ ಹೊಲಕೊಂಡು ಕೂಡೋಣೇನು?" ಇಲ್ಲ, ಯಾರೂ ಹಂಗ ಹೇಳಿಲ್ಲ. ಮಾತಾಡೋದೇ ಅರ್ಧಾ ಮಜಾ. ಯಾವಾಗ, ಯಾರ ಮುಂದ ಅನ್ನೋದಷ್ಟೇ ಪ್ರಶ್ನಿ. ಅದನ್ನ ಕಡೀಕೆ ಹೇಳ್ತೀನಿ.

ಅದಕ್ಕಿಂತ ಮೊದಲ ಒಂದು ಜಾತಿ ಮಂದಿನ್ನ ಹಿಡೀಬೇಕು. ಇವರು ಬಾಯಿ ಬಿಟ್ಟು ಹೇಳಂಗಿಲ್ಲ, ಅರ್ಧಾ ಹೇಳ್ತಾರ. "ನಾ ಏನೂ ಹೇಳಂಗಿಲ್ಲವಾ, ಆದ್ರ ಇವತ್ತ ಕೈಯ್ಯಾಗ ಕರವಸ್ತ್ರ ಇಟ್ಕೊಂಡು ಕೂಡ್ರಿ." ತಗೋರಿ, ಯಾರೋ ಸತ್ರು ಅಂತ ಗೊತ್ತಾತು. "ನೀವು ತಿಳ್ಕೊಂಡಂಗ ಇಲ್ಲ ಬಿಡ್ರಿ." ನಾನು ತಿಳ್ಕೊಂಡದ್ದು ತಪ್ಪು ಅಂತಾತು. ಬರೇ ಅಳೋ ಮಾರಿ ನಾಕ ಹಾಕೋದು, ಸ್ಟೇಟಸ್ಸಿಗೆ ನಾಯಕನ ಫೋಟೋ ಹಾಕಿ ಕೈ ಮುಗಿಯೋ ಚಿತ್ರ ಹಚ್ಚೋದು. ಇವೆಲ್ಲಾ ಕತಿ ಒಡದಂಗೇ. "ಇವರೇ ಕೊಲಿಗಾರ" ಅಂತ ನೆಟ್ಟಗ ಹೇಳೋರರೆ ಛಲೋ, ಬೈದು ಕೈ ಬಿಡಬಹುದು. ಇವರಿಗೆ ಬೈಯ್ಯಲಿಕ್ಕೂ ಬರಂಗಿಲ್ಲ, "ನಾ ಏನ ಹೇಳಿದೆ?" ಅಂತಾರ.

ಬಿಗ್ ಬಾಸ್ ಕನ್ನಡದ್ದಂತೂ ಕೇಳಲೇ ಬ್ಯಾಡ್ರಿ. 2013ರಾಗ ಸುದೀಪ್ ಅವರು ನಿಂತು ಶುರು ಮಾಡಿದಾಗಿಂದ ನಮ್ಮ ಮನ್ಯಾಗ ಅದು ಅದ. ವಾರದ ಕಡೀಕೆ ಯಾರು ಹೊರಗ ಹೋಗ್ತಾರ ಅನ್ನೋದೇ ಅದರ ಜೀವಾಳ. ಅವರು ಹೆಸರು ಹೇಳೋ ಮೊದಲ ಒಂದು ಕ್ಷಣ ನಿಲ್ಲಸ್ತಾರಲ್ಲ, ಆ ಕ್ಷಣಕ್ಕೇ ಅಲ್ಲೇನು ನಾವು ಇಡೀ ವಾರ ಕೂತದ್ದು? ಟಿವಿಯೊಳಗ ಬರೋಕಿಂತ ಎಷ್ಟೋ ತಾಸು ಮೊದಲೇ ಯಾರೋ ಎಲ್ಲೋ ಹೆಸರು ಹಾಕಿರ್ತಾರ. ಅದನ್ನ ನಮ್ಮ ಮಂದಿ ಸುದ್ದಿ ಅಂತ ತಂದು ಮನಿ ಗ್ರೂಪಿಗೆ ಸುರೀತಾರ. ನೀವು ತಿಳಕೊಂಡ್ರಿ, ಸರಿ. ತಿಳಕೊಂಡು ಸುಮ್ಮನ ಕೂಡಲಿಕ್ಕೆ ಏನಾಗತದ?

ಚಾನೆಲ್ಲಿನವರೂ ಕಮ್ಮಿ ಇಲ್ಲ. ನಾಳಿನ ಮದವಿ ನಿಲ್ಲತದ ಅನ್ನೋದನ್ನ ಇವತ್ತಿನ ಪ್ರೋಮೋದಾಗ ತೋರಸ್ತಾರ. ಯೂಟ್ಯೂಬಿನಾಗ ಹಾಕೋ ತುಣುಕಿಗೆ ಇಡೀ ಗುಟ್ಟನ್ನೇ ತಲಿಬರಹ ಮಾಡ್ತಾರ. "ಅವರೇ ಹೇಳ್ತಾರ, ನಾವು ಹೇಳಿದ್ರೇನು" ಅಂತ ಕೇಳೋರಿದ್ದಾರ. ಅಂಗಡಿಯವ ಮಾರಲಿಕ್ಕೆ ಕೂತಾನ, ಅಂವ ಕೂಗ್ತಾನ. ನೀವು ಮನಿ ಮಂದಿ, ನೀವ್ಯಾಕ ಕೂಗ್ತೀರಿ? ಪ್ರೋಮೋ ಬಂದಾಗ ನಾನು ದನಿ ಬಂದ್ ಮಾಡಿ ಅಡಗಿ ಮನಿಗೆ ಹೋಗಬಹುದು. ನೆಗೆಣ್ಣಿ ಬಾಯಿಗೆ ರಿಮೋಟ್ ಇಲ್ಲ.

ಈಗ ಬೈದದ್ದು ಸಾಕು, ದಾರಿ ಹೇಳ್ತೀನಿ. ನಮ್ಮ ತವರಮನಿ ಗ್ರೂಪಿನಾಗ ಎಂಟ ತಿಂಗಳಿಂದ ಇದನ್ನ ಮಾಡೀವಿ, ನಡದದ.

ದಿನದ ಸೀರಿಯಲ್ ಇದ್ರ ಮರುದಿನ ರಾತ್ರಿತನಕ ಅದರ ಕತಿ ಗ್ರೂಪಿನಾಗ ಇಲ್ಲ. ಅಷ್ಟರಾಗ ಮಧ್ಯಾಹ್ನದ್ದು ನೋಡೋರದ್ದೂ ಆಗಿರತದ, ಅಮೆರಿಕಾದವರದ್ದೂ ಆಗಿರತದ. ರವಿವಾರದ ಮಹಾಸಂಚಿಕೆ ಇದ್ರ ಮಂಗಳವಾರತನಕ ತಡೀರಿ. ಹೊಸ ಸಿನಿಮಾ ಇದ್ರ ಒಂದ ತಿಂಗಳು. ಹಳೇದಿದ್ರ ಕೇಳಿ ಹೇಳ್ರಿ. ರವಿಚಂದ್ರನ್ ಅವರ 'ದೃಶ್ಯ' ಬಂದು ಹತ್ತು ವರ್ಷದ ಮ್ಯಾಲಾತು, 2014ರದ್ದು. ಆದ್ರೂ ಮೊನ್ನೆ ನಮ್ಮ ತಮ್ಮನ ಮಗಳು ಮೊದಲನೇ ಸಲ ನೋಡಲಿಕ್ಕೆ ಕೂತಳು, ಅಕಿಗೆ ಅದು ಇವತ್ತಿಂದೇ. ಮನಿ ಮಂದಿಯೆಲ್ಲಾ ಅಕಿ ಮಾರಿ ನೋಡ್ಕೋತ ಸುಮ್ಮನ ಕೂತಿದ್ದಿವಿ, ಒಬ್ಬರೂ ಉಸಿರು ಬಿಡಲಿಲ್ಲ. ಕಡೀಕೆ ಅಕಿ "ಅಯ್ಯೋ!" ಅಂತ ಎದ್ದು ನಿಂತಾಗ ನಮಗೂ ಹೊಸದಾಗಿ ನೋಡಿಧಂಗಾತು. ಒದರಿದ್ರ ಆ ಸುಖಾ ಇಬ್ಬರಿಗೂ ಇರತಿರಲಿಲ್ಲ.

ಬರಿಯೋದೇ ಇದ್ರ ಮೊದಲನೇ ಸಾಲಿನಾಗ ಸೀರಿಯಲ್ ಹೆಸರು, ಯಾವ ದಿನದ್ದು, "ನೋಡಲಾರದವರು ಓದಬ್ಯಾಡ್ರಿ" ಅಂತ ಅಷ್ಟೇ ಬರೀರಿ. ಯಾಕಂದ್ರ ಬೀಗ ಹಾಕಿದ ಮೊಬೈಲಿನ ಮ್ಯಾಲೂ ಆ ಮೊದಲ ಸಾಲು ಕಾಣಸತದ. "ಸ್ಪಾಯ್ಲರ್, ಅಪ್ಪ ಸತ್ತ" ಅಂತ ಒಂದೇ ಸಾಲಿನಾಗ ಬರದ್ರ ಎಚ್ಚರಿಕಿ ಕೊಟ್ಟು ಹೊಡದಂಗ. ಕೆಳಗ ಒಂದಿಷ್ಟು ಸಾಲು ಬರೇ ಚುಕ್ಕಿ ಹಾಕ್ರಿ, ಉದ್ದ ಆತಂದ್ರ ವಾಟ್ಸಾಪ್ ತಾನೇ ಉಳದದ್ದನ್ನ ಮಡಚಿ ಇಡತದ, ಮುಟ್ಟಿದವರಿಗೆ ಅಷ್ಟೇ ತೆರೀತದ. ಟೆಲಿಗ್ರಾಮ್ ಇದ್ದವರಿಗಂತೂ ಅಕ್ಷರ ಮಸುಕು ಮಾಡಿ ಕಳಸೋ ಸೌಲಭ್ಯನೇ ಅದ. ಇಲ್ಲಾ, ಭಾಳ ಮಾತಾಡೋ ನಾಕ ಮಂದಿ ಸೇರಿ ಬ್ಯಾರೆ ಗ್ರೂಪ್ ಮಾಡ್ಕೋರಿ. ನಾವು "ನೋಡಿದವರ ಕಟ್ಟಿ" ಅಂತ ಒಂದು ಮಾಡೀವಿ. ನೋಡಿದಮ್ಯಾಲೆ ಅಲ್ಲಿಗೆ ಹೋಗೋದು, ಹೊಟ್ಟಿ ತುಂಬ ಮಾತಾಡೋದು.

ನೋಡಲಾರದವರಿಗೂ ರೀತಿ ಅದ, ಅದನ್ನೂ ಹೇಳಲಿಲ್ಲಂದ್ರ ನ್ಯಾಯ ಆಗಂಗಿಲ್ಲ. ನೀವು ಎಲ್ಲಿತನಕ ನೋಡೀರಿ ಅಂತ ಬಾಯಿ ಬಿಟ್ಟು ಹೇಳ್ರಿ, ಎದುರಿನವರಿಗೆ ಕನಸು ಬೀಳಂಗಿಲ್ಲ. ನೋಡಿದವರ ಮಾತಿನ ನಡುವ ಹೋಗಿ ಕೂತು "ಯಾಕ ಹೇಳಿದ್ರಿ" ಅಂತ ಅನ್ನಬ್ಯಾಡ್ರಿ. ಆರ ತಿಂಗಳ ನೋಡಲಾರದೆ ಬಿಟ್ಟು ಊರಿಗೆಲ್ಲಾ ಬಾಯಿ ಕಟ್ಟಬ್ಯಾಡ್ರಿ. ಯಾರರೆ ಗೊತ್ತಿಲ್ಲದೆ ಹೇಳಿದ್ರ ನಾಕ ಮಂದಿ ಮುಂದ ಮಾನಾ ಕಳೀಬ್ಯಾಡ್ರಿ, ಒಬ್ಬರಿಗೇ ಫೋನ್ ಮಾಡಿ "ವೈನಿ, ನಾ ಇನ್ನೂ ನೋಡಿಲ್ಲರಿ, ಅಳಿಸಿಬಿಡ್ರಿ" ಅನ್ರಿ. ಅತ್ತಿಯವರಿಗೆ ಕತಿ ಹೇಳಿ ಹೋದ್ರಲ್ಲ, ಅವರಿಗೆ ನಾನು ಹಿಂಗೇ ಹೇಳಿದೆ. ಈಗ ಅವರು ಬಂದಾಗ ಮೊದಲ ಕೇಳೋದು "ಅತ್ಯಾ, ಇವತ್ತ ಏನಾಗಬಹುದು ಅಂತೀರಿ?" ಅಂತ. ಅತ್ತಿಯವರು ಎದ್ದು ಕೂತು ತಮ್ಮ ನಾಕ ನಮೂನಿ ಕತಿ ಹೇಳ್ತಾರ. ಅವರು ಗೊತ್ತಿದ್ದೂ ಗೊತ್ತಿಲ್ಲದಂಗ "ಹೌದೇನ್ರಿ?" ಅಂತ ಕೇಳ್ತಾರ. ರೋಗಿನ್ನ ಮಾತಾಡಸಲಿಕ್ಕೆ ಬರೋದು ಅಂದ್ರ ಹಿಂಗಿರಬೇಕು.

ಅದಕ್ಕ ನನ್ನ ಮಾತಿಷ್ಟು. ಕತಿ ಗೊತ್ತಾಗೋದು ದೊಡ್ಡಸ್ತಿಕಿ ಅಲ್ಲ, ಇವತ್ತ ನಿಮಗ ಗೊತ್ತಾದದ್ದು ನಾಳೆ ಎಲ್ಲಾರಿಗೂ ಗೊತ್ತಾಗತದ. ಬಾಯಿ ತಗಿಯೋ ಮೊದಲ "ಎಲ್ಲಾರೂ ನೋಡೀರೇನು?" ಅಂತ ಒಂದು ಮಾತ ಕೇಳ್ರಿ. ಮನ್ಯಾಗ ಎಲ್ಲಾರಕಿಂತ ಕಡೀಕೆ ನೋಡೋರು ಯಾರು ಅಂತ ಒಮ್ಮೆ ಲೆಕ್ಕಾ ಹಾಕ್ರಿ. ಹೆಚ್ಚಿನ ಮನ್ಯಾಗ ಅಕಿನೇ ಎಲ್ಲಾರಕಿಂತ ಕಡೀಕೆ ಉಣ್ಣಾಕಿನೂ ಆಗಿರ್ತಾಳ. ಊಟಾ ಅಂತೂ ಆರಿದಮ್ಯಾಲೆ ಉಣ್ತಾಳ. ಕತಿನಾದ್ರೂ ಬಿಸಿ ಇರಲಿ.

ನಿಮ್ಮ ಗ್ರೂಪಿನಾಗ, ನಿಮ್ಮ ಓಣ್ಯಾಗ ಇದನ್ನ ಹೆಂಗ ನಿಭಾಯಿಸ್ತೀರಿ, ಬರೀರಿ. ನನ್ನ ಮಾತ ಒಪ್ಪಲಾರದವರೂ ಬರೀರಿ, ಜಗಳಾಡೋಣು. ಯಾವ ಸೀರಿಯಲ್‌ನಾಗ ಏನಾತು ಅನ್ನೋದೊಂದು ಬಿಟ್ಟು.